ಕಿಡ್ನಿ ಕ್ಯಾನ್ಸರ್: ಒಂದೇ ಹೆಸರಿನಡಿ ಹಲವು ಕಾಯಿಲೆಗಳು

ಕಿಡ್ನಿಯಲ್ಲಿ ಗಡ್ಡೆ ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ದೊಡ್ಡದು, ಯಾವ ಸ್ಟೇಜ್ ಅಂತ. ಅದು ಯಾವ ಬಗೆಯದು ಎಂದು ಕೇಳುವವರು ಕಡಿಮೆ. ಎಷ್ಟೋ ಸಲ ಮುಂದಿನ ಚಿಕಿತ್ಸೆ ನಿಂತಿರುವುದೇ ಆ ಉತ್ತರದ ಮೇಲೆ.

1883ರಲ್ಲಿ ಜರ್ಮನಿಯ ವೈದ್ಯ ಪಾಲ್ ಗ್ರಾವಿಟ್ಸ್ ಕಿಡ್ನಿ ಕ್ಯಾನ್ಸರ್ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಚೂರಿನಿಂದ ಹುಟ್ಟುತ್ತದೆ ಎಂದುಕೊಂಡರು. ಆ ತಪ್ಪು ನಂಬಿಕೆ ಬಹಳ ಕಾಲ ಉಳಿಯಿತು. ಮುಂದೆ ಮೈಕ್ರೋಸ್ಕೋಪಿನಲ್ಲಿ ಕಂಡ ರೂಪದ ಮೇಲೆ ಹೆಸರಿಟ್ಟರು: ಕ್ಲಿಯರ್ ಸೆಲ್, ಪ್ಯಾಪಿಲರಿ, ಕ್ರೋಮೋಫೋಬ್. ಮುಕ್ಕಾಲು ಪಾಲು ರೋಗಿಗಳದ್ದು ಕ್ಲಿಯರ್ ಸೆಲ್.

1993ರಲ್ಲಿ ಮೂರನೇ ಕ್ರೋಮೋಸೋಮಿನ ಮೇಲೆ, ಕ್ಲಿಯರ್ ಸೆಲ್ ಗಡ್ಡೆಗಳಲ್ಲಿ ಹೆಚ್ಚಾಗಿ ಕೆಟ್ಟಿರುವ ವಿಎಚ್‌ಎಲ್ ಜೀನ್ ಸಿಕ್ಕಿತು. ಅದು ಕೆಟ್ಟರೆ ಆಮ್ಲಜನಕ ಸಾಕಷ್ಟಿದ್ದರೂ ಕೋಶವು ಅದು ಇಲ್ಲವೆಂದೇ ತಿಳಿದು ಹೊಸ ರಕ್ತನಾಳಗಳನ್ನು ಬೆಳೆಸುತ್ತದೆ. ಕೋಶಗಳು ಆಮ್ಲಜನಕವನ್ನು ಗುರುತಿಸುವ ಬಗೆಯನ್ನು ಬಿಡಿಸಿಟ್ಟ ವಿಜ್ಞಾನಿಗಳಾದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು. ಈ ತಿಳಿವಳಿಕೆಯಿಂದಲೇ ಹುಟ್ಟಿದ ಬೆಲ್ಜುಟಿಫಾನ್ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಗೋಜಲಾಗಿದ್ದು ಪ್ಯಾಪಿಲರಿ. ಅದನ್ನು ಟೈಪ್ 1, ಟೈಪ್ 2 ಅಂತ ಎರಡು ಭಾಗ ಮಾಡಿದ್ದರು. ಆದರೆ ಟೈಪ್ 2 ಒಂದೇ ಕಾಯಿಲೆ ಆಗಿರಲಿಲ್ಲ. ಅದರೊಳಗೆ ಬೇರೆ ಬೇರೆ ಜೀನ್‌ಗಳು ಕೆಟ್ಟ ಗಡ್ಡೆಗಳು ಸೇರಿದ್ದವು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಈ ವಿಭಜನೆಯನ್ನು ಕೈಬಿಟ್ಟು, ಜೀನ್ ಆಧರಿಸಿ ಹೆಸರಿಸುವ ಹೊಸ ಗುಂಪನ್ನೇ ಮಾಡಿತು.

ಅದರಲ್ಲಿ ಎಫ್‌ಎಚ್ ಕೊರತೆಯ ಕ್ಯಾನ್ಸರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಎಫ್‌ಎಚ್ (ಫ್ಯೂಮರೇಟ್ ಹೈಡ್ರಟೇಸ್) ಎಂಬುದು ಕೋಶಕ್ಕೆ ಶಕ್ತಿ ಒದಗಿಸುವ ಕೆಲಸದಲ್ಲಿ ಬೇಕಾದ ಒಂದು ಕಿಣ್ವ. ಅದು ಇಲ್ಲದಾದಾಗ ಕೋಶದಲ್ಲಿ ಫ್ಯೂಮರೇಟ್ ಎಂಬ ರಾಸಾಯನಿಕ ತುಂಬಿಕೊಳ್ಳುತ್ತದೆ, ಗಡ್ಡೆ ಚಿಕ್ಕದಿದ್ದಾಗಲೇ ಹರಡಬಲ್ಲದು. ವಿಎಚ್‌ಎಲ್ ಜೀನ್ ದೋಷ ವಂಶವಾಹಿಯಾಗಿ ಬಂದ ಮನೆತನಗಳಲ್ಲಿ ಗಡ್ಡೆ 3 ಸೆಂಟಿಮೀಟರ್ ಆಗುವವರೆಗೆ ಕಾಯುವುದುಂಟು. ಇಲ್ಲಿ ಹಾಗೆ ಕಾಯುವಂತಿಲ್ಲ. ಬಗೆ ತಿಳಿಯದಿದ್ದರೆ ಈ ನಿರ್ಧಾರ ತೆಗೆದುಕೊಳ್ಳುವುದು ಹೇಗೆ?

ಎಫ್‌ಎಚ್ ಜೀನಿನ ದೋಷವನ್ನು ವಂಶದಿಂದ ಹೊತ್ತ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಫೈಬ್ರಾಯ್ಡ್ ಬರುತ್ತದೆ. ಚರ್ಮದ ಮೇಲೆ ನೋವಿನ ಗಂಟುಗಳೂ ಕಾಣಬಹುದು. ಫೈಬ್ರಾಯ್ಡ್ ನೋಡುವವರು ಒಬ್ಬರು, ಚರ್ಮ ನೋಡುವವರು ಇನ್ನೊಬ್ಬರು, ಕಿಡ್ನಿ ನೋಡುವವರು ಮತ್ತೊಬ್ಬರು. ಮೂರನ್ನೂ ಸೇರಿಸಿ ನೋಡುವ ಏರ್ಪಾಡು ಬೇಕು ಅಲ್ವಾ?

ಬಯಾಪ್ಸಿ ತುಣುಕಿಗೆ ಬಣ್ಣ ಹಾಕಿ ನೋಡುವ ಎಫ್‌ಎಚ್ ಪರೀಕ್ಷೆ ಇದೆ. ಅದು ಕೆಲವನ್ನು ತಪ್ಪಿಸಿಕೊಳ್ಳಲು ಬಿಡಬಹುದಾದ್ದರಿಂದ ಸಂಶಯವಿದ್ದರೆ ರಕ್ತದ ಜೀನ್ ಪರೀಕ್ಷೆಯೂ ಬೇಕು. ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ಎನ್‌ಸಿಸಿಎನ್‌ನ ಮಾರ್ಗಸೂಚಿ 46 ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಕಿಡ್ನಿ ಕ್ಯಾನ್ಸರ್ ಬಂದವರನ್ನು ಜೀನ್ ಸಲಹೆಗೆ ಕಳಿಸಬೇಕು ಎನ್ನುತ್ತದೆ. ದೋಷ ಖಚಿತವಾದರೆ ಅಣ್ಣ, ತಂಗಿ, ಮಕ್ಕಳಿಗೂ ಪರೀಕ್ಷೆ ಮಾಡಿ, ದೋಷವಿದ್ದವರಿಗೆ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಬೇಕು.