ಬಸ್ ನಿಲ್ದಾಣದ ಗಾಜಿಗೆ ಕಪ್ಪು ಫಿಲಂ ಅಂಟಿಸಿದರೆ ಕಣ್ಣು ಕುಕ್ಕುವುದು ನಿಲ್ಲುತ್ತಾ?

ನಿಲ್ಲುವುದಿಲ್ಲ. ಹಾಸನ, ಚಿಕ್ಕಮಗಳೂರಿನ ಓದುಗರು ಇದನ್ನು ಕೇಳುತ್ತಲೇ ಇರುತ್ತಾರೆ, ನಾನೂ ಹೇಳುತ್ತಲೇ ಇರುತ್ತೇನೆ. ಬೆಳಗ್ಗೆ ಬಿಸಿಲಿಗೆ ಎದುರಾಗಿ ನಿಂತರೆ ಬಂದ ಬಸ್ಸು ಬೇಲೂರಿನದಾ, ಸಕಲೇಶಪುರದ್ದಾ ಅಂತ ಓದಲು ಆಗುವುದಿಲ್ಲ, ನಿಜ. ಆದರೆ "ಬೆಳಕು ಜಾಸ್ತಿ, ಕಡಿಮೆ ಮಾಡಿದರೆ ಆಯ್ತಲ್ವಾ" ಅನ್ನುವುದು ತಪ್ಪು ಲೆಕ್ಕ.

ಮಧ್ಯಾಹ್ನ ಬಯಲಲ್ಲಿ ಸುಮಾರು 1 ಲಕ್ಷ ಲಕ್ಸ್ (ಬೀಳುವ ಬೆಳಕನ್ನು ಅಳೆಯುವ ಮಾನ) ಬೆಳಕಿರುತ್ತದೆ, ಅಲ್ಲಿ ಆರಾಮಾಗಿ ಓಡಾಡುತ್ತೇವೆ. ನಿಲ್ದಾಣದೊಳಗೆ ಕೆಲವು ನೂರು ಲಕ್ಸ್ ಇದ್ದರೂ ಕಣ್ಣು ಕಿರಿದಾಗುತ್ತದೆ. ಯಾಕೆ? ಹೊಳೆಯುವ ಗಾಜಿಗೂ ಅದರ ಪಕ್ಕದ ಮಬ್ಬು ಗೋಡೆಗೂ ಇರುವ ಹೊಳಪಿನ ಅಂತರ, ಅಂದರೆ ಒಂದು ಇನ್ನೊಂದರ ಎಷ್ಟು ಪಟ್ಟು ಹೊಳೆಯುತ್ತದೆ ಅನ್ನುವುದು, ವಿಪರೀತ. ನೂರರಲ್ಲಿ 20 ಪಾಲು ಬೆಳಕು ಮಾತ್ರ ಬಿಡುವ ಫಿಲಂ ಅಂಟಿಸಿ ನೋಡಿ: ಗಾಜಿನ ಹೊಳಪು ಐದರಲ್ಲೊಂದು ಪಾಲಾಗುತ್ತದೆ, ಅದೇ ಗಾಜಿನಿಂದ ಬೆಳಕು ಪಡೆಯುವ ಗೋಡೆಯೂ ಐದರಲ್ಲೊಂದು ಪಾಲಾಗುತ್ತದೆ, ಅಂತರ ಇದ್ದ ಹಾಗೇ ಇರುತ್ತದೆ. ಇನ್ನು ನೇರ ಸೂರ್ಯನೇ ಕಾಣುತ್ತಿದ್ದರೆ ಐದರಲ್ಲೊಂದು ಪಾಲು ಸೂರ್ಯನೂ ಸೂರ್ಯನೇ! ಮಳೆಗಾಲದಲ್ಲಂತೂ ಹಾಡಹಗಲೇ ಲೈಟ್ ಹಾಕಬೇಕು. ಅದರ ಬಿಲ್ ಯಾರು ಕಟ್ಟುತ್ತಾರೆ?

ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುಮಧ್ಯಾಹ್ನವೂ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ, ಹಾಗಾಗಿ ದಕ್ಷಿಣಕ್ಕೆ ಸೂರು ಚಾಚಿದರೆ ಸಾಕು. ಪೂರ್ವ, ಪಶ್ಚಿಮಕ್ಕೆ ಅದು ಸಾಲದು. ಇಳಿಬಿಸಿಲು ಎಷ್ಟು ಅಗಲದ ಸೂರಿದ್ದರೂ ಅದರ ಕೆಳಗೇ ನುಸುಳುತ್ತದೆ. ಅಲ್ಲಿ ಉದ್ದುದ್ದ ನಿಲ್ಲಿಸಿದ ಪಟ್ಟಿಗಳು ಬೇಕು, ಇಲ್ಲವೇ ಮರಗಳು. ಜೊತೆಗೆ ಒಳಗಿನ ಗೋಡೆ, ಚಾವಣಿಗೆ ಬಿಳಿ ಬಣ್ಣ ಬಳಿಯಿರಿ, ಅಂತರ ತಗ್ಗಿಸಲು ಅದಕ್ಕಿಂತ ಅಗ್ಗದ ದಾರಿ ಇಲ್ಲ.

ತಗಡಿನ ಚಾವಣಿಯ ನಡುವೆ ಹಾಕುವ ಪಾರದರ್ಶಕ ಶೀಟುಗಳದ್ದೂ ಇದೇ ಕಥೆ. ಮೋಡ ಕವಿದರೆ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ದಟ್ಟ ಮೋಡದ ಆಕಾಶ ನೆತ್ತಿಯ ಮೇಲೆ ದಿಗಂತಕ್ಕಿಂತ ಸುಮಾರು ಮೂರು ಪಟ್ಟು ಹೊಳೆಯುತ್ತದೆ. ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಮೇಲಿನ ಬೆಳಕು ಬಿದಿರಿನ ಚಾವಣಿಯ ಸಂದಿಯಿಂದ ಸೋಸಿ ಇಳಿಯುತ್ತದೆ, ಹೋದಾಗ ತಲೆಯೆತ್ತಿ ನೋಡಿ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ನೆಲದ ಗ್ರಾನೈಟ್‌ಗೆ ಕನ್ನಡಿಯಂಥ ಪಾಲಿಶ್ ಯಾಕೆ? ಕಿಟಕಿಯ ಹೊಳಪು ನೆಲದಲ್ಲೂ ಕಾಣಿಸಿ ತೊಂದರೆ ಎರಡಾಗುತ್ತದೆ. ಒರಟು ಮಾಡಿದ ಕಲ್ಲು ಹಾಕಿದರೆ ಅದೂ ಇಲ್ಲ, ಮಳೆಯಲ್ಲಿ ಒದ್ದೆ ಚಪ್ಪಲಿ ಜಾರುವುದೂ ಕಡಿಮೆ.