ಸೋತ ಮರುದಿನದ ಆಟ: ಡಿ. ಗುಕೇಶ್ ಅವರ ಸ್ಪರ್ಧಾ ಜೀವನವನ್ನು ಓದುವ ಬಗೆ

ಕಲಬುರಗಿಯಲ್ಲಿ ಭಾನುವಾರ ಬೆಳಿಗ್ಗೆ ಚೆಸ್ ಕಲಿಯಲು ಸೇರುವ ನಮ್ಮ ಚಿಕ್ಕ ಗುಂಪಿನಲ್ಲಿ ಕೆಲವು ವಾರಗಳಿಂದ ಗ್ರ್ಯಾಂಡ್‌ಮಾಸ್ಟರ್ ಡಿ. ಗುಕೇಶ್ ಅವರ ಆಟಗಳನ್ನು ಒಂದೊಂದಾಗಿ ಮಣೆಯ ಮೇಲೆ ಇಟ್ಟು ನೋಡುತ್ತಿದ್ದೇವೆ. ಈ ಟಿಪ್ಪಣಿ ಆ ಗುಂಪಿನವರಿಗಾಗಿ. ಜೊತೆಗೆ ಬೀದರ್, ಯಾದಗಿರಿಯ ಕಡೆ ಎದುರಾಳಿಯೇ ಸಿಗದೆ ಒಬ್ಬರೇ ಕುಳಿತು ಕಲಿಯುತ್ತಿರುವವರಿಗಾಗಿ. ಗುಕೇಶ್ ಅವರ ಪದಕಗಳ ಪಟ್ಟಿ ಎಲ್ಲರಿಗೂ ಬಾಯಿಪಾಠವಾಗಿದೆ. ಆದರೆ ಪಟ್ಟಿಯನ್ನು ಓದಿದವರಿಗೆ ಹೆಮ್ಮೆ ಮೂಡಬಹುದೇ ಹೊರತು ಆಟ ಬರುವುದಿಲ್ಲ. ಆದ್ದರಿಂದ ನಾನು ಒಂದೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಅವರ ವೃತ್ತಿಜೀವನವನ್ನು ಓದಿದ್ದೇನೆ: ಅವರು ಸೋತಾಗ, ಅದರ ಮರುದಿನ ಏನು ಆಡಿದರು?

ಈ ಪ್ರಶ್ನೆ ನನಗೆ ಸುಮ್ಮನೆ ಹೊಳೆದದ್ದಲ್ಲ. ನಾನು ಮೊದಲ ಬಾರಿಗೆ ರೇಟಿಂಗ್ (ಆಟಗಾರರ ಬಲವನ್ನು ಅಳೆಯುವ ಅಂಕ) ಟೂರ್ನಿಯೊಂದರಲ್ಲಿ ಆಡಿದಾಗ ಮೂರನೆಯ ಸುತ್ತಿನಲ್ಲಿ ಗೆಲ್ಲಬೇಕಾದ ಆಟವನ್ನು ಕೈಚೆಲ್ಲಿದೆ. ನಾಲ್ಕನೆಯ ಸುತ್ತಿನಲ್ಲಿ ಆ ಸೇಡನ್ನು ಯಾರ ಮೇಲಾದರೂ ತೀರಿಸಿಕೊಳ್ಳಬೇಕೆಂಬ ಆತುರದಲ್ಲಿ ಇಪ್ಪತ್ತು ನಡೆಗಳೊಳಗೆ ಕುದುರೆಯನ್ನು ಕಳೆದುಕೊಂಡೆ. ಎರಡು ಸೋಲುಗಳ ಹಾಳೆಗಳೂ ಇನ್ನೂ ನನ್ನ ಬಳಿ ಇವೆ. ಮೊದಲನೆಯದು ಆಟದ ಸೋಲು, ಎರಡನೆಯದು ಮನಸ್ಸಿನ ಸೋಲು ಎಂಬುದು ಅವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ತಿಳಿಯುತ್ತದೆ.

ಗುಕೇಶ್ ಹುಟ್ಟಿದ್ದು 2006ರ ಮೇ 29ರಂದು, ಚೆನ್ನೈನಲ್ಲಿ. ನಮ್ಮ ಊರನ್ನು ಹಾದುಹೋಗುವ ಮುಂಬೈ–ಚೆನ್ನೈ ರೈಲುಮಾರ್ಗದ ಆ ತುದಿಯ ಊರು ಅದು; ಅಲ್ಲಿ ಶಾಲೆ ಶಾಲೆಗಳಲ್ಲಿ ಚೆಸ್ ಕಲಿಸುವ ಪದ್ಧತಿ ಬೇರೂರಿದೆ. ತಂದೆ ಕಿವಿ, ಮೂಗು, ಗಂಟಲಿನ ಶಸ್ತ್ರಚಿಕಿತ್ಸಕರು, ತಾಯಿ ಸೂಕ್ಷ್ಮಜೀವಿಶಾಸ್ತ್ರಜ್ಞೆ. ಏಳನೆಯ ವಯಸ್ಸಿನಲ್ಲಿ, 2013ರಲ್ಲಿ, ಅವರು ಆಟ ಕಲಿತರು. ಅದೇ ವರ್ಷ ಅದೇ ಊರಿನಲ್ಲಿ ವಿಶ್ವನಾಥನ್ ಆನಂದ್ ಅವರು ಮ್ಯಾಗ್ನಸ್ ಕಾರ್ಲ್‌ಸನ್ ಎದುರು ವಿಶ್ವ ಪಟ್ಟವನ್ನು ಕಳೆದುಕೊಂಡರು. ಆ ಪಟ್ಟವನ್ನು ಭಾರತಕ್ಕೆ ಮರಳಿ ತರಬೇಕೆಂಬ ಆಸೆ ಆಗ ಹುಟ್ಟಿತೆಂದು ಗುಕೇಶ್ ಮುಂದೆ ಹೇಳಿಕೊಂಡಿದ್ದಾರೆ. ನಾಲ್ಕನೆಯ ತರಗತಿಯ ನಂತರ ದಿನವೂ ಶಾಲೆಗೆ ಹೋಗುವುದು ನಿಂತಿತು. ತಂದೆ ವೃತ್ತಿಯನ್ನು ಬದಿಗಿಟ್ಟು ಮಗನೊಡನೆ ಟೂರ್ನಿಗಳಿಗೆ ತಿರುಗಿದರು. ಮನೆಯ ಖರ್ಚಿನ ಭಾರ ತಾಯಿಯ ಮೇಲೆ ಬಿತ್ತು. 2018ರಲ್ಲಿ ಹನ್ನೆರಡು ವರ್ಷದೊಳಗಿನವರ ವಿಶ್ವ ಪ್ರಶಸ್ತಿ ಬಂತು.

ಗ್ರ್ಯಾಂಡ್‌ಮಾಸ್ಟರ್ ಪದವಿ ಎಂದರೇನು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಒಂದು ಟೂರ್ನಿ ಗೆದ್ದರೆ ಸಿಗುವ ಬಹುಮಾನವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ರೇಟಿಂಗ್ 2500 ಮುಟ್ಟಬೇಕು. ಜೊತೆಗೆ ಮೂರು ಬೇರೆ ಬೇರೆ ಟೂರ್ನಿಗಳಲ್ಲಿ, ಸಾಮಾನ್ಯವಾಗಿ ಒಂಬತ್ತು ಸುತ್ತುಗಳ ಉದ್ದಕ್ಕೆ, 2600ರ ಮಟ್ಟದ ಪ್ರದರ್ಶನ ತೋರಿ ಮೂರು ‘ನಾರ್ಮ್’ಗಳನ್ನು ಪಡೆಯಬೇಕು. ಗುಕೇಶ್ ದೆಹಲಿಯ ಅಂತರರಾಷ್ಟ್ರೀಯ ಮುಕ್ತ ಟೂರ್ನಿಯಲ್ಲಿ 2019ರ ಜನವರಿ 15ರಂದು ಕೊನೆಯ ನಾರ್ಮ್ ಮುಗಿಸಿದಾಗ ಅವರ ವಯಸ್ಸು 12 ವರ್ಷ, 7 ತಿಂಗಳು, 17 ದಿನ. ಸೆರ್ಗೇ ಕರ್ಯಾಕಿನ್ ಅವರ ದಾಖಲೆ 12 ವರ್ಷ 7 ತಿಂಗಳು. ಹದಿನೇಳು ದಿನಗಳ ಅಂತರದಲ್ಲಿ ವಿಶ್ವದಾಖಲೆ ಕೈತಪ್ಪಿತು. ಆ ದಾಖಲೆಯನ್ನು 2021ರಲ್ಲಿ ಅಮೆರಿಕದ ಅಭಿಮನ್ಯು ಮಿಶ್ರಾ ಮುರಿದರು. ಆ ಹೆಸರನ್ನು ನೆನಪಿಡಿ. ಮುಂದೆ ಮತ್ತೆ ಬರುತ್ತದೆ.

ಕಲಿಯುವವರು ಹೆಚ್ಚು ಗಮನಿಸಬೇಕಾದದ್ದು ಈ ಪದವಿಗಿಂತ ಅದಕ್ಕೆ ಹೋದ ದಾರಿಯನ್ನು. ಗುಕೇಶ್ ಅವರನ್ನು ಬೆಳೆಸಿದ ಗ್ರ್ಯಾಂಡ್‌ಮಾಸ್ಟರ್ ವಿಷ್ಣು ಪ್ರಸನ್ನ ಅವರು ಶಿಷ್ಯನ ರೇಟಿಂಗ್ 2500ರ ಆಸುಪಾಸಿಗೆ ಬರುವವರೆಗೂ ಒಳ್ಳೆಯ ನಡೆಯನ್ನು ಲೆಕ್ಕಹಾಕಿ ತೋರಿಸುವ ಕಂಪ್ಯೂಟರ್ ಎಂಜಿನ್‌ಗಳನ್ನು ಬಳಸಲು ಬಿಡಲಿಲ್ಲ. ಮೊಬೈಲಿನಲ್ಲಿ ಆಟ ಮುಗಿದ ಕ್ಷಣವೇ ಎಂಜಿನ್ ತೆರೆದು ಎಲ್ಲಿ ತಪ್ಪಿತೆಂದು ನೋಡುವುದು ನಮ್ಮೆಲ್ಲರ ಅಭ್ಯಾಸ. ಹಾಗೆ ಮಾಡಿದಾಗ ತಪ್ಪು ನಡೆ ಯಾವುದೆಂದು ತಿಳಿಯುತ್ತದೆ. ಆ ತಪ್ಪನ್ನು ನಾವೇಕೆ ಮಾಡಿದೆವು ಎಂಬುದು ತಿಳಿಯುವುದಿಲ್ಲ. ತಾನೇ ಲೆಕ್ಕ ಹಾಕಿ, ತಾನೇ ತಪ್ಪಿ, ತಪ್ಪನ್ನು ತಾನೇ ಹುಡುಕಿದ ಹುಡುಗನ ಲೆಕ್ಕಾಚಾರದ ಬಲ ಎಷ್ಟರಮಟ್ಟಿಗೆ ಬೆಳೆಯಿತೆಂಬುದಕ್ಕೆ ಮುಂದಿನ ಆಟಗಳೇ ಸಾಕ್ಷಿ.

ಇನ್ನು ರೇಟಿಂಗ್ ಲೆಕ್ಕ. ಇದನ್ನು ಅರ್ಥಮಾಡಿಕೊಳ್ಳದೆ ಸೋಲಿನ ಬೆಲೆ ತಿಳಿಯದು. ಸಮಾನ ರೇಟಿಂಗಿನ ಇಬ್ಬರು ಆಡಿದರೆ ಪ್ರತಿಯೊಬ್ಬರಿಂದ ನಿರೀಕ್ಷಿಸುವ ಅಂಕ 0.5. ಒಬ್ಬರ ರೇಟಿಂಗ್ 200 ಹೆಚ್ಚಿದ್ದರೆ ಅವರಿಂದ ನಿರೀಕ್ಷಿಸುವುದು ಸುಮಾರು 0.76. ಪಡೆದ ಅಂಕಕ್ಕೂ ನಿರೀಕ್ಷಿತ ಅಂಕಕ್ಕೂ ಇರುವ ವ್ಯತ್ಯಾಸವನ್ನು ಒಂದು ಗುಣಕದಿಂದ ಗುಣಿಸುತ್ತಾರೆ: ಹೊಸಬರಿಗೆ, ಮತ್ತು 2300 ದಾಟದ ಹದಿನೆಂಟರೊಳಗಿನವರಿಗೆ ಅದು 40, ಉಳಿದವರಿಗೆ 20, ಒಮ್ಮೆ 2400 ಮುಟ್ಟಿದವರಿಗೆ 10. ಈಗ ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ನೋಡಿ. ಗ್ರ್ಯಾಂಡ್‌ಮಾಸ್ಟರ್ ಒಬ್ಬರು ತಮಗಿಂತ 200 ಕಡಿಮೆ ಇರುವವರನ್ನು ಗೆದ್ದರೆ ಸಿಗುವುದು 2.4 ಅಂಕ, ಡ್ರಾ ಮಾಡಿಕೊಂಡರೆ 2.6 ಹೋಗುತ್ತದೆ; ಸೋತರೆ 7.6 ಹೋಗುತ್ತದೆ. ಒಂದು ಸೋಲನ್ನು ತುಂಬಲು ಮೂರು ಗೆಲುವು ಸಾಲುವುದಿಲ್ಲ. ಸಮಾನರನ್ನು ಗೆದ್ದರೂ ದಕ್ಕುವುದು ಐದೇ ಅಂಕವಾದ್ದರಿಂದ 2500ರಿಂದ 2750ಕ್ಕೆ ಏರಲು ಸೋಲುಗಳನ್ನು ಕಳೆದು ಐವತ್ತು ಗೆಲುವುಗಳಷ್ಟು ಮೇಲುಗೈ ಬೇಕು. ಗುಕೇಶ್ 2022ರಲ್ಲಿ 2700 ದಾಟಿ, 2023ರ ಆಗಸ್ಟ್‌ನಲ್ಲಿ 2750 ದಾಟಿದ ಅತಿ ಕಿರಿಯರಾದರು. ಮರುತಿಂಗಳ ಪಟ್ಟಿಯಲ್ಲಿ ಆನಂದ್ ಅವರನ್ನು ಹಿಂದಿಕ್ಕಿದರು. ಮೂವತ್ತೇಳು ವರ್ಷ ಭಾರತದ ಅಗ್ರಸ್ಥಾನ ಒಬ್ಬರದೇ ಆಗಿತ್ತು ಎಂಬುದನ್ನು ನೆನೆದರೆ ಆ ಏರಿಕೆಯ ತೂಕ ತಿಳಿಯುತ್ತದೆ.

ಅವರ ಸೋಲುಗಳಲ್ಲಿ ನಾನು ಮೊದಲು ಎತ್ತಿಕೊಳ್ಳುವುದು ಮಾಮಲ್ಲಪುರದ್ದನ್ನು. 2022ರಲ್ಲಿ ನಡೆದ, ದೇಶಗಳ ತಂಡಗಳು ಸೆಣಸುವ ಚೆಸ್ ಒಲಿಂಪಿಯಾಡ್‌ನಲ್ಲಿ ಭಾರತದ ಎರಡನೆಯ ತಂಡದ ಮೊದಲ ಬೋರ್ಡಿನಲ್ಲಿ ಆಡಿದ ಗುಕೇಶ್ ಸತತ ಎಂಟು ಆಟಗಳನ್ನು ಗೆದ್ದರು. ಒಂಬತ್ತನೆಯದು ಡ್ರಾ. ಹತ್ತನೆಯ ಸುತ್ತಿನಲ್ಲಿ ಉಜ್ಬೇಕಿಸ್ತಾನದ ನೊದಿರ್‌ಬೆಕ್ ಅಬ್ದುಸತ್ತೊರೊವ್ ಎದುರು ಮೇಲುಗೈ ಪಡೆದಿದ್ದ ಆಟವನ್ನು ಒತ್ತಡದಲ್ಲಿ ತಪ್ಪಾಡಿ ಕಳೆದುಕೊಂಡರು. ಆ ಪಂದ್ಯ 2–2ರಲ್ಲಿ ಸಮವಾಯಿತು. ಚಿನ್ನ ಉಜ್ಬೇಕಿಸ್ತಾನಕ್ಕೆ ಹೋಯಿತು. ತಲೆ ತಗ್ಗಿಸಿ ಬಹಳ ಹೊತ್ತು ಕುರ್ಚಿಯಲ್ಲೇ ಕುಳಿತಿದ್ದ ಆ ಹದಿನಾರರ ಹುಡುಗನ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ಮರುದಿನ ಕೊನೆಯ ಸುತ್ತಿನಲ್ಲಿ ಜರ್ಮನಿಯ ವಿನ್ಸೆಂಟ್ ಕೈಮರ್ ಎದುರು ಅವರು ಡ್ರಾ ಮಾಡಿಕೊಂಡರು, ತಂಡ 3–1ರಿಂದ ಗೆದ್ದು ಕಂಚು ಪಡೆಯಿತು. ಹನ್ನೊಂದರಲ್ಲಿ ಒಂಬತ್ತು ಅಂಕ ಗಳಿಸಿದ ಗುಕೇಶ್‌ಗೆ ಮೊದಲ ಬೋರ್ಡಿನ ವೈಯಕ್ತಿಕ ಚಿನ್ನ ಬಂತು. ಆ ಡ್ರಾವನ್ನು ಹಗುರವಾಗಿ ಕಾಣಬೇಡಿ. ಹಿಂದಿನ ದಿನದ ಗಾಯವನ್ನು ಹೊತ್ತು ಕುಳಿತವರು ಆ ದಿನ ತಂಡಕ್ಕೆ ಬೇಕಾದಷ್ಟನ್ನು ಮಾತ್ರ ಆಡಿದರು. ಅದಕ್ಕಿಂತ ಹೆಚ್ಚಿನದಕ್ಕೆ ಕೈಹಾಕಲಿಲ್ಲ.

ಎರಡನೆಯದು ಟೊರಾಂಟೊ. ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಗೆ ಗುಕೇಶ್ ತಲುಪಿದ್ದೇ ಕಷ್ಟದಿಂದ: 2023ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ನಡೆದ ಟೂರ್ನಿಯಲ್ಲಿ ಅರ್ಜುನ್ ಎರಿಗೈಸಿ ಅವರೊಡನೆ ಸಮನಾಗಿ ನಿಂತು, ಟೈಬ್ರೇಕ್ ಲೆಕ್ಕದಲ್ಲಿ ಗೆದ್ದು, ಆ ಬಲದಿಂದ ಅರ್ಹತೆ ಪಡೆದರು. 2024ರ ಏಪ್ರಿಲ್‌ನಲ್ಲಿ ಎಂಟು ಆಟಗಾರರು, ಪ್ರತಿಯೊಬ್ಬರೊಡನೆ ಎರಡು ಬಾರಿ, ಒಟ್ಟು ಹದಿನಾಲ್ಕು ಸುತ್ತು ಆಡಿದರು. ಏಳನೆಯ ಸುತ್ತಿನಲ್ಲಿ ಅಲಿರೇಜಾ ಫಿರೂಜಾ ಎದುರು ಗಡಿಯಾರದ ಒತ್ತಡಕ್ಕೆ ಸಿಕ್ಕಿ ಗುಕೇಶ್ ಸೋತರು. ಬಳಿಕ ಒಂದು ವಿಶ್ರಾಂತಿ ದಿನ. ಎಂಟನೆಯ ಸುತ್ತಿನಲ್ಲಿ ಕಪ್ಪು ಕಾಯಿಗಳೊಂದಿಗೆ ವಿದಿತ್ ಗುಜರಾತಿ ಅವರನ್ನು ಸೋಲಿಸಿದರು. ಹನ್ನೆರಡು, ಹದಿಮೂರನೆಯ ಸುತ್ತುಗಳಲ್ಲಿ ನಿಜಾತ್ ಅಬಾಸೊವ್ ಅವರನ್ನೂ ಅದೇ ಫಿರೂಜಾ ಅವರನ್ನೂ ಗೆದ್ದರು. ಐದು ಗೆಲುವು, ಎಂಟು ಡ್ರಾ, ಒಂದು ಸೋಲು, ಒಟ್ಟು ಒಂಬತ್ತು ಅಂಕ. ಅರ್ಧ ಅಂಕ ಹಿಂದೆ ನಕಾಮುರಾ, ನೆಪೊಮ್ನಿಯಾಷಿ, ಕರುವಾನಾ ಮೂವರೂ ನಿಂತರು. ಫಿರೂಜಾ ಎದುರಿನ ಸೋಲಿನ ನಂತರದ ಆ ವಿಶ್ರಾಂತಿ ದಿನವೇ ತನ್ನ ಮನಸ್ಸು ಗಟ್ಟಿಯಾದ ಹೊತ್ತು ಎಂಬ ಅರ್ಥದಲ್ಲಿ ಗುಕೇಶ್ ಆಮೇಲೆ ಮಾತನಾಡಿದ್ದಾರೆ. ಹದಿನೇಳನೆಯ ವಯಸ್ಸಿನಲ್ಲಿ ಈ ಟೂರ್ನಿಯನ್ನು ಅವರಿಗಿಂತ ಮೊದಲು ಯಾರೂ ಗೆದ್ದಿರಲಿಲ್ಲ.

ಬುಡಾಪೆಸ್ಟ್ ಒಲಿಂಪಿಯಾಡ್ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಅಲ್ಲಿ ಅವರು ಸೋಲಲೇ ಇಲ್ಲ: ಹತ್ತು ಆಟಗಳಲ್ಲಿ ಒಂಬತ್ತು ಅಂಕ, ತಂಡಕ್ಕೂ ಅವರಿಗೂ ಚಿನ್ನ.

ಸಿಂಗಪುರದಲ್ಲಿ 2024ರ ನವೆಂಬರ್ 25ರಂದು ಚೀನಾದ ಡಿಂಗ್ ಲಿರೆನ್ ಎದುರಿನ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಯಿತು. ಮೊದಲ ಆಟದಲ್ಲಿ ಬಿಳಿ ಕಾಯಿ ಹಿಡಿದ ಗುಕೇಶ್, ಡಿಂಗ್ ಅವರ ಫ್ರೆಂಚ್ ರಕ್ಷಣೆ ಎಂಬ ಆರಂಭದ ವ್ಯೂಹವನ್ನು ಭೇದಿಸಲು ಹೋಗಿ ಸೋತರು. ಇಲ್ಲಿ ನಮ್ಮ ಪ್ರಶ್ನೆಯನ್ನು ಮತ್ತೆ ಕೇಳೋಣ. ಮರುದಿನ ಕಪ್ಪು ಕಾಯಿಗಳೊಂದಿಗೆ 23 ನಡೆಗಳ ಶಾಂತವಾದ ಡ್ರಾ. ಅದರ ಮರುದಿನ ಬಿಳಿ ಕಾಯಿಗಳೊಂದಿಗೆ ಗೆಲುವು. ನಡುವೆ ಏಳು ಡ್ರಾಗಳು ನಡೆದು, ಹನ್ನೊಂದನೆಯ ಆಟವನ್ನು ಗುಕೇಶ್ 29 ನಡೆಗಳಲ್ಲಿ ಗೆದ್ದು ಮುನ್ನಡೆ ಪಡೆದರು. ಮರುದಿನವೇ ಹನ್ನೆರಡನೆಯ ಆಟದಲ್ಲಿ ಡಿಂಗ್ ಅವರು ಗುಕೇಶ್ ಅವರನ್ನು ಹಿಂಡಿ ಸೋಲಿಸಿದರು. ಮುನ್ನಡೆ ಒಂದು ದಿನವೂ ಉಳಿಯಲಿಲ್ಲ. ಒಂದು ದಿನದ ವಿಶ್ರಾಂತಿಯ ಬಳಿಕ ಹದಿಮೂರನೆಯ ಆಟವನ್ನು ಗುಕೇಶ್ 68 ನಡೆಗಳವರೆಗೆ ಎಳೆದು ನೋಡಿದರು, ಡಿಂಗ್ ತಡೆದು ನಿಂತರು. ಎರಡು ಸೋಲುಗಳ ನಂತರವೂ ಒಂದೇ ಬಗೆಯ ಕ್ರಮ ಕಾಣುತ್ತದೆ: ಮೊದಲು ನೆಲವನ್ನು ಗಟ್ಟಿ ಮಾಡಿಕೊಳ್ಳುವ ಒಂದು ಆಟ, ಆಮೇಲೆ ಗೆಲುವಿನ ಆಟ. ಈ ಸಿದ್ಧತೆಯ ಹಿಂದೆ ಗ್ರಜೆಗೋರ್ಜ್ ಗಾಯೆವ್ಸ್ಕಿ ನೇತೃತ್ವದ ತಂಡವೂ, 2011ರ ಕ್ರಿಕೆಟ್ ವಿಶ್ವಕಪ್ ಗೆದ್ದ ಭಾರತ ತಂಡದೊಡನೆ ಕೆಲಸ ಮಾಡಿದ್ದ ಪ್ಯಾಡಿ ಅಪ್ಟನ್ ಅವರ ಮಾನಸಿಕ ತರಬೇತಿಯೂ ಇದ್ದವು.

ಡಿಸೆಂಬರ್ 12ರ ಹದಿನಾಲ್ಕನೆಯ ಆಟದ ಕೊನೆಯನ್ನು ನಾವು ಭಾನುವಾರ ಮಣೆಯ ಮೇಲೆ ಇಟ್ಟೆವು. ನಮ್ಮ ಸೆಟ್ಟಿನಲ್ಲಿ ಬಿಳಿಯ ಒಂದು ಒಂಟೆ ಕಳೆದುಹೋಗಿದೆ. ಅದರ ಜಾಗದಲ್ಲಿ ಹುಣಸೆಬೀಜ ಇಡುತ್ತೇವೆ. ಆ ಬೀಜವನ್ನು ಎ8 ಮನೆಯಲ್ಲಿ, ಮಣೆಯ ಮೂಲೆಯಲ್ಲಿ ಇಟ್ಟಾಗ ಇಡೀ ಸ್ಥಿತಿಯ ಗುಟ್ಟು ಕಣ್ಣಿಗೆ ಬಿತ್ತು. ಬಿಳಿ ಡಿಂಗ್ ಅವರದು, ಕಪ್ಪು ಗುಕೇಶ್ ಅವರದು. ಎರಡೂ ಕಡೆ ಒಂದೊಂದು ಆನೆ, ಒಂದೊಂದು ಒಂಟೆ. ಬಿಳಿಗೆ ಎರಡು ಪದಾತಿ, ಕಪ್ಪಿಗೆ ಮೂರು. (ನಮ್ಮ ಊರಿನ ಹಿರಿಯರು ಪ್ಯಾದೆ ಎನ್ನುವುದು ಇದೇ ಪದಾತಿಗೆ.) ಎಚ್ಚರದಿಂದ ಆಡಿದರೆ ಡ್ರಾ. ಆದರೆ ಸ್ಕೋರು ಸಮನಾಗಿದ್ದರೂ ಗುಕೇಶ್ ಆ ಒಂದು ಪದಾತಿಯನ್ನು ಹಿಡಿದು ಗಂಟೆಗಟ್ಟಲೆ ಒತ್ತುತ್ತಲೇ ಇದ್ದರು. 55ನೆಯ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2 ಮನೆಗೆ ತಂದು ವಿನಿಮಯಕ್ಕೆ ಒಡ್ಡಿದರು. ಕಪ್ಪು ಆನೆ ಅದನ್ನು ಹೊಡೆಯಿತು, ಬಿಳಿ ರಾಜ ಮರಳಿ ಹೊಡೆದ. ಆಗ ಕಪ್ಪು ಒಂಟೆ ಡಿ5ಕ್ಕೆ ಬಂದು ಮೂಲೆಯ ಒಂಟೆಗೆ ಎದುರಾಗಿ ನಿಂತಿತು. ಮೂಲೆಯಲ್ಲಿರುವ ಒಂಟೆಗೆ ಇರುವುದು ಒಂದೇ ಕರ್ಣ. ಬಿ7ಕ್ಕೆ ಬಂದರೂ ಸಿ6ಕ್ಕೆ ಬಂದರೂ ಹೊಡೆತ ತಪ್ಪದು, ಡಿ5ರ ಒಂಟೆಗೆ ತನ್ನ ರಾಜನ ರಕ್ಷಣೆ ಇದೆ. ಒಂಟೆಗಳ ವಿನಿಮಯ ಅನಿವಾರ್ಯ. ಉಳಿಯುವುದು ರಾಜರು ಮತ್ತು ಪದಾತಿಗಳು ಮಾತ್ರ; ಅಲ್ಲಿ ಹೆಚ್ಚಿನ ಒಂದು ಪದಾತಿಯೇ ಗೆಲುವು. 58ನೆಯ ನಡೆಯ ನಂತರ ಡಿಂಗ್ ಸೋಲೊಪ್ಪಿದರು. 7.5–6.5. ಗುಂಪಿನ ಹತ್ತು ವರ್ಷದ ಹುಡುಗಿಯೊಬ್ಬಳು ಹುಣಸೆಬೀಜವನ್ನು ಎ8ರಿಂದ ಬೇರೆ ಮನೆಗೆ ಸರಿಸಿ, ಅದು ಇಲ್ಲಿದ್ದಿದ್ದರೆ ಏನಾಗುತ್ತಿತ್ತು ಸರ್ ಎಂದು ಕೇಳಿದಳು. ಅದೇ ಸರಿಯಾದ ಪ್ರಶ್ನೆ.

ಹದಿನೆಂಟು ವರ್ಷ ಆರು ತಿಂಗಳ ಗುಕೇಶ್ ಹದಿನೆಂಟನೆಯ ವಿಶ್ವ ಚಾಂಪಿಯನ್ ಆದರು. 1985ರಲ್ಲಿ ಗ್ಯಾರಿ ಕ್ಯಾಸ್ಪರೋವ್ ಪಟ್ಟವೇರಿದಾಗ ಅವರಿಗೆ ಇಪ್ಪತ್ತೆರಡು. ಕಣ್ಣೀರು ಒರೆಸಿಕೊಳ್ಳುತ್ತಲೇ ಗುಕೇಶ್ ಮಣೆಯ ಮೇಲಿನ ಕಾಯಿಗಳನ್ನು ಮತ್ತೆ ಮೊದಲ ಸ್ಥಾನಗಳಿಗೆ ಜೋಡಿಸಿಟ್ಟು ಎದ್ದರು.

ಪಟ್ಟವೇರಿದ ಮೇಲಿನ ವರ್ಷವನ್ನು ಬಿಟ್ಟುಬಿಟ್ಟರೆ ಈ ಅಧ್ಯಯನ ಪ್ರಾಮಾಣಿಕವಾಗದು. 2025ರ ಆರಂಭದಲ್ಲಿ ವೈಕ್ ಆನ್ ಜೀ ಟೂರ್ನಿಯಲ್ಲಿ ಅವರು ಕೊನೆಯ ಸುತ್ತನ್ನು ಅರ್ಜುನ್ ಎದುರು ಸೋತರು, ಅದೇ ದಿನ ಟೈಬ್ರೇಕ್‌ನಲ್ಲಿ ಪ್ರಜ್ಞಾನಂದ ಅವರಿಗೂ ಸೋತರು. ಆ ದಿನ ನೆಲ ಗಟ್ಟಿ ಮಾಡಿಕೊಳ್ಳಲು ನಡುವೆ ರಾತ್ರಿಯೇ ಇರಲಿಲ್ಲ. ನಾರ್ವೆ ಚೆಸ್‌ನಲ್ಲಿ ಮೊದಲ ಸುತ್ತು ಕಾರ್ಲ್‌ಸನ್ ಎದುರು ಸೋತು, ಆರನೆಯ ಸುತ್ತಿನಲ್ಲಿ ಸೋಲುವ ಸ್ಥಿತಿಯಿಂದ ಎದ್ದು ಅವರನ್ನೇ ಗೆದ್ದರು. ಕ್ಲಾಸಿಕಲ್, ಅಂದರೆ ದೀರ್ಘ ಸಮಯದ ಆಟದಲ್ಲಿ ಕಾರ್ಲ್‌ಸನ್ ಮೇಲೆ ಅದು ಅವರ ಮೊದಲ ಜಯ. ಸಮರ್ಕಂದದ ಗ್ರ್ಯಾಂಡ್ ಸ್ವಿಸ್‌ನಲ್ಲಿ ಮಾತ್ರ ನಮ್ಮ ಕ್ರಮ ಮುರಿಯಿತು: ಅಭಿಮನ್ಯು ಮಿಶ್ರಾ ಎದುರಿನ ಸೋಲಿನ ಬೆನ್ನಿಗೇ ಇನ್ನೆರಡು ಸೋಲು, ಒಟ್ಟು ಸತತ ಮೂರು. ನಂತರದ ಸುತ್ತಿನಲ್ಲಿ ದಿವ್ಯಾ ದೇಶ್‌ಮುಖ್ ಅವರೊಡನೆ ಡ್ರಾ. ಗೋವಾದ ವಿಶ್ವಕಪ್‌ನಲ್ಲಿ ಮೂರನೆಯ ಸುತ್ತಿನಲ್ಲೇ ಫ್ರೆಡರಿಕ್ ಸ್ವೇನ್ ಎದುರು ಹೊರಬಿದ್ದರು. ಸವಾಲು ಹಾಕುವವನು ಡ್ರಾ ಮಾಡಿಕೊಂಡು ಕಾಯಬಹುದು. ಮುಕ್ತ ಟೂರ್ನಿಯಲ್ಲಿ ಚಾಂಪಿಯನ್ ಆದವನಿಂದ ಎಲ್ಲರೂ ಗೆಲುವನ್ನೇ ನಿರೀಕ್ಷಿಸುತ್ತಾರೆ, ಮೇಲೆ ಹೇಳಿದ ರೇಟಿಂಗ್ ಲೆಕ್ಕವೂ ಅವನನ್ನು ಗೆಲುವಿನತ್ತಲೇ ತಳ್ಳುತ್ತದೆ. ಆ ಮೂರು ಸೋಲುಗಳನ್ನು ನಾನು ಹೀಗೆ ಓದುತ್ತೇನೆ.

ಮುಂದಿನ ಭಾನುವಾರ ಸಿಂಗಪುರದ ಎರಡನೆಯ ಮತ್ತು ಹದಿಮೂರನೆಯ ಆಟಗಳನ್ನು ಆಡಿ ನೋಡೋಣ. ಬರುವಾಗ ಎಲ್ಲರೂ ನೀವು ಸೋತ ಒಂದು ಆಟದ ಹಾಳೆಯನ್ನೂ, ಅದರ ಮರುಸುತ್ತಿನ ಹಾಳೆಯನ್ನೂ ಜೊತೆಗೆ ತನ್ನಿ. ಎಂಜಿನ್‌ಗೆ ತೋರಿಸದೆ ತನ್ನಿ.