ಅಣ್ಣನ ಮಜ್ಜೆ ಕೊಟ್ಟರೆ ಅಣ್ಣನ ಸಿಟ್ಟು ಬರುತ್ತಾ?

"ಡಾಕ್ಟ್ರೇ, ಇವಳಿಗೆ ಅವಳಣ್ಣನ ಮುಂಗೋಪ ಬಂದ್ಬಿಟ್ಟಿದೆ." ಅಸ್ಥಿಮಜ್ಜೆ ಕಸಿಯಾದ ಹುಡುಗಿಯ ತಾಯಿ ಬಾಗಿಲಲ್ಲೇ ಹೇಳಿದರು. ಹಿಂದಿನ ರಾತ್ರಿ ಅನ್ನ ಸಾರಿನ ತಟ್ಟೆ ತಳ್ಳಿದ್ದಳಂತೆ. ಜೊತೆಗಿದ್ದ ಮಾವ ಫೋನ್ ಚಾಚಿದರು. ಮಜ್ಜೆಯ ಕೋಶಗಳಲ್ಲಿ ಸಿರೊಟೋನಿನ್ ಅನ್ನೋ ರಾಸಾಯನಿಕ ಇದೆ, ಅದು ಮನಸ್ಸಿನ ಮೇಲೆ ಕೆಲಸ ಮಾಡುತ್ತದೆ ಅಂತ ಓದಿದ್ದರು.

ಎರಡೂ ನಿಜವೇ. ಆದರೆ ಎರಡನ್ನೂ ಸೇರಿಸಿ ಗಂಟು ಹಾಕಬೇಡಿ ಅಂತ ಎಷ್ಟು ಕುಟುಂಬಗಳಿಗೆ ಹೇಳಿದ್ದೇನೋ!

ರಕ್ತದ ಸಿರೊಟೋನಿನ್ ಹೆಚ್ಚಾಗಿ ಇರೋದು ಪ್ಲೇಟ್‌ಲೆಟ್‌ಗಳಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳಲ್ಲಿ. ಕಸಿಯ ನಂತರ ಪ್ಲೇಟ್‌ಲೆಟ್ ಹುಟ್ಟೋದು ಅಣ್ಣನ ಮಜ್ಜೆಯಿಂದ, ಸರಿ. ಆದರೆ ಪ್ಲೇಟ್‌ಲೆಟ್ ಅದನ್ನು ತಯಾರಿಸುವುದಿಲ್ಲ, ತುಂಬಿಕೊಳ್ಳುತ್ತದೆ. ತಯಾರಾಗೋದು ಕರುಳಿನಲ್ಲಿ. ಕರುಳು ಯಾರದು? ಹುಡುಗಿಯದೇ. ಚೀಲ ಅಣ್ಣನದು, ಒಳಗಿನ ಸಾಮಾನು ತಂಗಿಯದು. ಗಾಯವಾದಾಗ ರಕ್ತನಾಳ ಬಿಗಿಯಲು ಅದು ಬೇಕು. ರಕ್ತದಿಂದ ಮಿದುಳಿಗೆ ಅದು ದಾಟುವುದಿಲ್ಲ. ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಮಜ್ಜೆಯೊಳಗಿನ ನರಗಳೂ ಅವಳವೇ. ರಕ್ತನಾಳಕ್ಕೆ ಹನಿಸಿದ ಮಜ್ಜೆಯ ಚೀಲದಲ್ಲಿ ನರ ಬರೋದಿಲ್ಲ ಅಲ್ವಾ?

ಬದಲಾಗುವುದೂ ಇದೆ. ರಕ್ತದ ಗುಂಪು ಅಣ್ಣನದಾಗಬಹುದು. ರಕ್ತಕಣಗಳ ಪರೀಕ್ಷೆಯಲ್ಲಿ ಗಂಡಿನ ಕ್ರೋಮೋಸೋಮ್ ಕಾಣಬಹುದು. ದಾನಿಯ ಅಲರ್ಜಿ ರೋಗಿಗೆ ಬಂದದ್ದೂ ಉಂಟು, ಹಾಗಾಗಿ ದಾನಿಗೆ ಅಲರ್ಜಿ ಇದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ಹಾಗಾದರೆ ಸಿಟ್ಟು? ದಾನಿಯ ಕೋಶಗಳು ಅವಳ ಚರ್ಮದ ಮೇಲೆ ತಿರುಗಿಬಿದ್ದಿದ್ದವು. ಅದನ್ನು ತಡೆಯಲು ಸ್ಟೀರಾಯ್ಡ್ ಕೊಟ್ಟಿದ್ದೆವು. ನಿದ್ದೆ ಕೆಡಿಸುವುದು, ರೇಗಿಸುವುದು ಆ ಮಾತ್ರೆಗೆ ಗೊತ್ತಿರುವ ವಿದ್ಯೆ. ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿದ್ದರೆ ಯಾರಿಗೆ ತಾನೇ ಬೇಸರವಾಗೋದಿಲ್ಲ? ಬೇಸರ ಜಾಸ್ತಿಯಾದರೆ, ಊಟ ಬಿಟ್ಟರೆ, ಗೊಂದಲದಲ್ಲಿ ಮಾತಾಡಿದರೆ ಬೇರೆ ಕಾರಣಗಳನ್ನೂ ನಾವು ಹುಡುಕಬೇಕಾಗುತ್ತದೆ.

"ಮಾತ್ರೆ ಸರಿಯಾಗಿ ಕೊಡ್ತಿದ್ದೀರಾ?" ಅಂದೆ. ತಾಯಿ ಬ್ಯಾಗಿನಿಂದ ಮಾತ್ರೆಯ ಪಟ್ಟಿ ತೆಗೆದರು. ಹಾಳೆಯೊಳಗೆ ಮುರಿದ ಅರ್ಧ ಮಾತ್ರೆಗಳು ಉಳಿದಿದ್ದವು. "ಮಗು ಅಣ್ಣನ ಥರ ಆಗೋದು ಬೇಡ ಅಂತ ಕಡಿಮೆ ಮಾಡಿದೆ." ಬೈಯಲು ಮನಸ್ಸಾಗಲಿಲ್ಲ. ಹುಡುಗಿಯ ಅಂಗೈ ತಿರುಗಿಸಿ ನೋಡಿದೆ. ಕೆಂಪು ಮತ್ತೆ ಶುರುವಾಗಿತ್ತು.

ಹೊಸ ಚೀಟಿ ಬರೆದೆ: ಪೂರ್ತಿ ಡೋಸ್, ಬೆಳಿಗ್ಗೆ ತಿಂಡಿಯಾದ ಮೇಲೆ, ರಾತ್ರಿಯಾದರೂ ನಿದ್ದೆ ಬರಲಿ ಅಂತ.